ಕಡಲೆಕಾಯಿ ಪರಿಷೆ

ಕಾರ್ತಿಕ ಮಾಸ ಮುಗಿಯುತ್ತ ಬಂದು, ಮುಂಜಾನೆಯ ಗಾಳಿಯಲ್ಲಿ ಚಳಿ ಸೇರಿಕೊಳ್ಳುವ ದಿನಗಳಲ್ಲಿ, ಬೆಂಗಳೂರಿನ ಬಸವನಗುಡಿಯ ರಸ್ತೆಗಳ ಎರಡು ಬದಿಗಳಲ್ಲಿಯೂ ಕಡಲೆಕಾಯಿಯ ರಾಶಿಗಳು ಏಳುತ್ತವೆ. ಕಾರ್ತಿಕದ ಕಡೆಯ ಸೋಮವಾರ ಇಲ್ಲಿನ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಹೆಸರಿಗೆ ಸೋಮವಾರದ ಪರಿಷೆಯಾದರೂ ಈಗ ಶನಿವಾರದಿಂದಲೇ ಅಂಗಡಿಗಳು ಕೂಡುತ್ತವೆ. ಸೋಮವಾರ ಕಳೆದ ಮೇಲೂ ಒಂದೆರಡು ದಿನ ಜನ ಬರುತ್ತಲೇ ಇರುತ್ತಾರೆ. ಭಾನುವಾರವಂತೂ ಕಾಲಿಡಲು ಸ್ಥಳವಿರುವುದಿಲ್ಲ.

ನಮ್ಮ ಮನೆ ಚಾಮರಾಜಪೇಟೆಯಲ್ಲಿದೆ. ಪರಿಷೆಗೆ ನಡೆದೇ ಹೋಗಬಹುದಾದಷ್ಟು ದೂರ. ವರ್ಷ ವರ್ಷವೂ ಹೋಗುತ್ತಿದ್ದೆವು, ಎರಡು ಸೇರು ಕಾಯಿ ಕೊಂಡು ತರುತ್ತಿದ್ದೆವು, ತಿಂದು ಸಿಪ್ಪೆಯನ್ನು ಗುಡಿಸಿ ಹಾಕುತ್ತಿದ್ದೆವು. ಅದಕ್ಕಿಂತ ಹೆಚ್ಚಾಗಿ ಆ ಕಾಯಿಯ ವಿಚಾರ ನಮಗೆ ಏನೂ ತಿಳಿದಿರಲಿಲ್ಲ, ತಿಳಿದಿಲ್ಲವೆಂಬುದೂ ತಿಳಿದಿರಲಿಲ್ಲ. ಒಂದು ವರ್ಷ ಪರಿಷೆಯ ಹೊತ್ತಿಗೆ ಸರಿಯಾಗಿ ನನ್ನ ಸೋದರಮಾವನವರು ಊರಿನಿಂದ ಬಂದರು. ಅವರದು ಚಳ್ಳಕೆರೆಯ ಕಡೆಯ ಒಂದು ಹಳ್ಳಿ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಮಾವನವರಿಗೆ ಅಲ್ಲಿ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲವಿದೆ. ಬಾವಿಯಿಲ್ಲ, ಕಾಲುವೆಯಿಲ್ಲ. ನಲವತ್ತು ವರ್ಷಗಳಿಂದ ಅವರು ಮಳೆಯನ್ನೇ ನಂಬಿ ಆ ಹೊಲದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದಾರೆ. ಅವರು ಅದನ್ನು ಶೇಂಗಾ ಎನ್ನುತ್ತಾರೆ.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳಿಗೆ ಮೊದಲ ಸಂಶಯ ಹುಟ್ಟಿದುದೇ ಈ ಹೆಸರಿನಿಂದ. “ತಾತ, ನಾವು ಕಡಲೆಕಾಯಿ ಅನ್ನುತ್ತೇವೆ, ನೀವು ಶೇಂಗಾ ಅನ್ನುತ್ತೀರಿ. ಯಾವುದು ಸರಿ?” ಎಂದು ಕೇಳಿದಳು. ಎರಡೂ ಸರಿಯೇ. ಹಳೆಯ ಮೈಸೂರಿನವರಿಗೆ ಅದು ಕಡಲೆಕಾಯಿ, ಉತ್ತರದ ಜಿಲ್ಲೆಗಳವರಿಗೆ ಶೇಂಗಾ, ಕರಾವಳಿಯವರಿಗೆ ನೆಲಗಡಲೆ. ತೆಲುಗಿನವರು ವೇರುಶನಗ ಎನ್ನುತ್ತಾರೆ. ಎಂದರೆ ಬೇರಿನ ಕಡಲೆ. ತಮಿಳಿನಲ್ಲಿಯೂ ಬೇರುಗಡಲೆ, ನೆಲಗಡಲೆ ಎಂಬ ಅರ್ಥದ ಎರಡು ಹೆಸರುಗಳುಂಟು. ಈ ಹೆಸರುಗಳನ್ನು ಕೇಳಿದವರಿಗೆ ಮೂಲಂಗಿಯಂತೆ, ಗೆಣಸಿನಂತೆ, ಕಡಲೆಕಾಯಿಯೂ ಬೇರಿನಲ್ಲಿ ಬಿಡುವ ವಸ್ತುವೆಂದು ತೋರುವುದು ಸಹಜ. ನಾನೂ ಹಾಗೆಯೇ ತಿಳಿದಿದ್ದೆ. ಮಾವನವರು ನಕ್ಕು, “ಬೇರಿಗೂ ಕಾಯಿಗೂ ಸಂಬಂಧವಿಲ್ಲ ಕಣಮ್ಮ. ಕಾಯಿ ಹುಟ್ಟುವುದು ಮೇಲೆ, ಬೆಳೆಯುವುದು ಕೆಳಗೆ” ಎಂದರು. ಅದು ಒಗಟಿನಂತೆ ಕೇಳಿಸಿತು.

ಭಾನುವಾರ ಬೆಳಿಗ್ಗೆ ನಾವು ನಾಲ್ವರು ಹೊರಟೆವು. ಮಾವನವರು, ಮಗಳು, ಆರನೆಯ ತರಗತಿಯ ಮಗ ಮತ್ತು ನಾನು. ನಮ್ಮ ಬಡಾವಣೆಯಲ್ಲಿಯೇ ಇರುವ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡವನ್ನು ದಾಟುವಾಗ ನಾನು ಮಕ್ಕಳಿಗೆ ಒಂದು ಮಾತು ಹೇಳಿದೆ: 1915ರಲ್ಲಿ ಸ್ಥಾಪನೆಯಾದ ಈ ಪರಿಷತ್ತಿಗೂ ನಾವು ಈಗ ನೋಡಹೋಗುತ್ತಿರುವ ಪರಿಷೆಗೂ ಹೆಸರಿನಲ್ಲಿ ನಂಟುಂಟು. ಸಂಸ್ಕೃತದ ‘ಪರಿಷದ್’ ಎಂಬ ಶಬ್ದವೇ ಜನರ ಬಾಯಿಯಲ್ಲಿ ‘ಪರಿಷೆ’ಯಾಯಿತು. ಎರಡರ ಅರ್ಥವೂ ಜನ ಸೇರುವುದೇ. ಒಂದರಲ್ಲಿ ಪಂಡಿತರು ಸೇರುತ್ತಾರೆ, ಇನ್ನೊಂದರಲ್ಲಿ ಎಲ್ಲರೂ ಸೇರುತ್ತಾರೆ.

ರಾಮಕೃಷ್ಣ ಆಶ್ರಮದ ವೃತ್ತಕ್ಕೆ ಬರುವಷ್ಟರಲ್ಲಿಯೇ ಜನಸಂದಣಿ ಆರಂಭವಾಯಿತು. ರಸ್ತೆಯ ಎರಡು ಬದಿಗಳಲ್ಲಿ ಗೋಣಿಯ ತಟ್ಟುಗಳ ಮೇಲೆ ಕಾಯಿಯ ರಾಶಿಗಳು. ಹಸಿಕಾಯಿ, ಒಣಕಾಯಿ, ಹುರಿದ ಕಾಯಿ, ಉಪ್ಪು ಹಾಕಿ ಬೇಯಿಸಿದ ಕಾಯಿ. ನಡುನಡುವೆ ಬೆಂಡು ಬತ್ತಾಸು, ಕಡಲೆಪುರಿ, ಬಳೆ, ಮಣ್ಣಿನ ಆಟಿಕೆ, ಪೀಪಿ, ಬಲೂನು. ದೂರದಲ್ಲಿ ತಿರುಗುವ ತೊಟ್ಟಿಲು. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಮಾಗಡಿಯ ಕಡೆಗಳಿಂದಲ್ಲದೆ ಆಂಧ್ರ ಮತ್ತು ತಮಿಳುನಾಡುಗಳಿಂದಲೂ ಕಾಯಿ ಬರುತ್ತದೆ. ಆದುದರಿಂದ ಒಂದೇ ಬೀದಿಯಲ್ಲಿ ಮೂರು ಭಾಷೆಗಳ ಕೂಗು.

ಒಂದೆಡೆ ದೊಡ್ಡ ಬಾಣಲೆಯಲ್ಲಿ ಕಪ್ಪು ಮರಳನ್ನು ಕಾಯಿಸಿ ಅದರಲ್ಲಿ ಕಾಯಿಯನ್ನು ಹುರಿಯುತ್ತಿದ್ದರು. ಮರಳೇಕೆ? ಬರಿಯ ಬಾಣಲೆಯಲ್ಲಿ ಹುರಿದರೆ ಕಾಯಿಯ ಯಾವ ಭಾಗ ಲೋಹಕ್ಕೆ ತಾಗುವುದೋ ಅಷ್ಟೇ ಸೀದು, ಉಳಿದುದು ಹಸಿಯಾಗಿರುತ್ತದೆ. ಬಿಸಿ ಮರಳು ಕಾಯಿಯನ್ನು ಎಲ್ಲ ಕಡೆಗಳಿಂದಲೂ ಮುಚ್ಚಿಕೊಂಡು ಸಮನಾಗಿ ಶಾಖ ಕೊಡುತ್ತದೆ. ಸಿಪ್ಪೆ ಒಳಗಿನ ಬೀಜಕ್ಕೆ ಮರಳು ತಾಗದಂತೆ ಕಾಯುತ್ತದೆ. ಕೊನೆಗೆ ಜಾಲರಿಯಲ್ಲಿ ಜಾಡಿಸಿದರೆ ಮರಳು ಕೆಳಗೆ, ಕಾಯಿ ಮೇಲೆ.

ಮಾವನವರು ರಾಶಿಯಿಂದ ರಾಶಿಗೆ ನಡೆಯುತ್ತ, ಪ್ರತಿಯೊಂದರಿಂದಲೂ ಒಂದು ಕಾಯಿಯನ್ನೆತ್ತಿ ಕಿವಿಯ ಬಳಿ ಅಲುಗಿಸಿ ಮತ್ತೆ ಅಲ್ಲಿಯೇ ಇಡುತ್ತಿದ್ದರು. ಒಣಕಾಯಿಯಾದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಎನ್ನದಿದ್ದರೆ ಸರಿಯಾಗಿ ಒಣಗಿಲ್ಲ ಎಂದರ್ಥ. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಕೆಲವು ಜಾತಿಯವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿ ಈ ವಿಷವನ್ನು ಕಂಡುಹಿಡಿದರು. ಬಾಯಿಗೆ ಹಾಕಿದ ಬೀಜ ಕಹಿಯಾದರೆ, ಮುಗ್ಗಲು ಎನಿಸಿದರೆ, ಸಂಕೋಚಪಡದೆ ಉಗುಳಿಬಿಡಬೇಕು.

ನನ್ನ ಮಗ ಅತಿ ದಪ್ಪ ಕಾಯಿಯ ರಾಶಿಯ ಮುಂದೆ ನಿಂತು ಅದೇ ಬೇಕೆಂದು ಹಟ ಹಿಡಿದ. ಮಾವನವರು ಒಂದು ದಪ್ಪ ಕಾಯಿಯನ್ನೂ ಪಕ್ಕದ ರಾಶಿಯ ಒಂದು ಗಿಡ್ಡ ಕಾಯಿಯನ್ನೂ ಒಡೆದು ಅವನ ಅಂಗೈಯಲ್ಲಿಟ್ಟರು. ದಪ್ಪ ಕಾಯಿಯೊಳಗೆ ಬೀಜದ ಸುತ್ತ ಎಷ್ಟೊಂದು ಖಾಲಿ ಸ್ಥಳ! ಗಿಡ್ಡ ಕಾಯಿಯಲ್ಲಿ ಎರಡು ಬೀಜಗಳು ಸಿಪ್ಪೆಗೆ ಒತ್ತಿಕೊಂಡು ಕುಳಿತಿದ್ದವು. “ಸೇರಿನಲ್ಲಿ ಅಳೆದು ಕೊಡುವಾಗ ಕಣ್ಣು ದಪ್ಪ ಕಾಯಿಯನ್ನು ಕೇಳುತ್ತದೆ ಮರಿ. ತಕ್ಕಡಿಯಲ್ಲಿ ತೂಗಿದರೆ ತಿಳಿಯುತ್ತದೆ ಯಾವುದು ಕಾಯಿ, ಯಾವುದು ಗಾಳಿ ಎಂದು” ಎಂದರು. ಗಾತ್ರ ಬೇರೆ, ತೂಕ ಬೇರೆ ಎಂಬ ಪಾಠವನ್ನು ವಿಜ್ಞಾನದ ಪುಸ್ತಕದಲ್ಲಿ ಓದಿದಾಗ ಅವನಿಗೆ ಅಷ್ಟು ಚೆನ್ನಾಗಿ ತಿಳಿದಿರಲಾರದು.

ಗುಡಿಯ ಮೆಟ್ಟಿಲ ಬಳಿ ಒಬ್ಬ ಹೆಂಗಸು ಕಡಲೆ ಗಿಡಗಳನ್ನೇ ಕಾಯಿಸಮೇತ ಕಿತ್ತು ತಂದು ಮಾರುತ್ತಿದ್ದಳು. ಮಾವನವರು ಒಂದು ಗಿಡವನ್ನು ಕೊಂಡು, ಪಕ್ಕದ ಬ್ಯೂಗಲ್ ರಾಕ್ ಉದ್ಯಾನದ ಬಂಡೆಯ ಮೇಲೆ ನಮ್ಮನ್ನು ಕೂರಿಸಿ, ತಮ್ಮ ಒಗಟನ್ನು ಬಿಡಿಸಿದರು. ಅವರು ಹೇಳಿದುದಕ್ಕೆ ನಾನು ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಬೀಜ ಬಿತ್ತಿ ಇಪ್ಪತ್ತೈದು ಮೂವತ್ತು ದಿನಗಳಿಗೆ ಗಿಡದಲ್ಲಿ, ಎಲೆಯ ಕಂಕುಳಿನಲ್ಲಿ, ಹಳದಿಯ ಸಣ್ಣ ಹೂಗಳು ಬಿಡುತ್ತವೆ. ಸೂರ್ಯೋದಯದ ವೇಳೆಗೆ ಅರಳಿದ ಹೂ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅದಕ್ಕೆ ದುಂಬಿಯ ಸಹಾಯವೂ ಅಷ್ಟಾಗಿ ಬೇಕಿಲ್ಲ. ತನ್ನ ಪರಾಗದಿಂದಲೇ ಫಲಗೊಳ್ಳುತ್ತದೆ. ಬೇರೆ ಗಿಡಗಳಲ್ಲಾದರೆ ಹೂ ಇದ್ದಲ್ಲಿಯೇ ಕಾಯಿ ಕಟ್ಟುತ್ತದೆ. ಇಲ್ಲಿ ಹಾಗಲ್ಲ. ಹೂ ಬಾಡಿದ ಕೆಲವು ದಿನಗಳಿಗೆ ಅದರ ಬುಡದಿಂದ ಸೂಜಿಯಂಥ ಒಂದು ತೊಟ್ಟು ಹೊರಟು, ನೆಲದ ಕಡೆಗೆ ಬಾಗಿ ಬೆಳೆಯತೊಡಗುತ್ತದೆ. ಆ ಸೂಜಿಯ ತುದಿಯಲ್ಲಿಯೇ ಮುಂದೆ ಬೀಜವಾಗಬೇಕಾದ ಅಂಕುರ ಅಡಗಿರುತ್ತದೆ. ಸೂಜಿ ಮಣ್ಣನ್ನು ಚುಚ್ಚಿ ಎರಡು ಮೂರು ಅಂಗುಲ ಕೆಳಗಿಳಿದು, ಅಲ್ಲಿ ಅಡ್ಡಲಾಗಿ ತಿರುಗಿ, ಕತ್ತಲಲ್ಲಿ ಊದಿಕೊಂಡು ಕಾಯಿಯಾಗುತ್ತದೆ. ಬೆಳಕಿನಲ್ಲಿ ಅದು ಕಾಯಿಯಾಗಲಾರದು. ತೀರ ಮೇಲಿನ ರೆಂಬೆಯಲ್ಲಿ ಹುಟ್ಟಿ ನೆಲವನ್ನು ಮುಟ್ಟಲಾರದೆ ಹೋದ ಸೂಜಿಗಳು ಗಾಳಿಯಲ್ಲಿಯೇ ಒಣಗುತ್ತವೆ. ನಾವು ಕೊಂಡ ಗಿಡದಲ್ಲಿ ಅಂಥ ಏಳೆಂಟು ಒಣಗಿದ ಸೂಜಿಗಳನ್ನು ಮಗಳು ಎಣಿಸಿ ತೆಗೆದಳು. ಈ ಗಿಡಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಅರಾಕಿಸ್ ಹೈಪೋಜಿಯಾ. ಹೈಪೋಜಿಯಾ ಎಂದರೆ ನೆಲದೊಳಗಿನದು.

ಹೀಗಾಗಿ ಬೇರು ಬೇರೆಯೇ, ಕಾಯಿ ಬೇರೆಯೇ. ಬೇರಿನಲ್ಲಿಯೂ ಸಣ್ಣ ಸಣ್ಣ ಗಂಟುಗಳಿದ್ದವು. ಅವು ಕಾಯಿಗಳಲ್ಲ. ಆ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ; ಅವರೆ, ತೊಗರಿ, ಹುರುಳಿಗಳಂತೆ ಕಡಲೆಕಾಯಿಯೂ ದ್ವಿದಳ ಧಾನ್ಯದ ಕುಲಕ್ಕೆ ಸೇರಿದುದಷ್ಟೆ. ಇನ್ನೊಂದು ವಿಶೇಷವನ್ನೂ ಮಾವನವರು ಹೇಳಿದರು. ಸೂಜಿ ಇಳಿಯುವ ಹೊತ್ತಿಗೆ ಹೊಲಕ್ಕೆ ಜಿಪ್ಸಂ ಹಾಕುತ್ತಾರೆ. ಕಾಯಿ ತುಂಬಲು ಸುಣ್ಣದ ಅಂಶ ಬೇಕು. ಅದನ್ನು ಬೇರು ಹೀರಿ ಮೇಲಕ್ಕೆ ಕಳುಹಿಸಿದರೆ ಸಾಲದು, ಮಣ್ಣಿನಲ್ಲಿರುವ ಕಾಯಿಯೇ ತನ್ನ ಸಿಪ್ಪೆಯ ಮೂಲಕ ನೇರವಾಗಿ ಹೀರಿಕೊಳ್ಳಬೇಕು. ಅದು ಸಿಕ್ಕದಿದ್ದರೆ ಸಿಪ್ಪೆ ಬೆಳೆಯುತ್ತದೆ, ಒಳಗೆ ಜೊಳ್ಳು.

“ಆದರೆ ಜಿಪ್ಸಂ ಹಾಕಿದರೆ ಆಯಿತೆ?” ಎಂದು ಮಾವನವರು ಗಿಡವನ್ನು ಪಕ್ಕಕ್ಕಿಟ್ಟರು. “ಸೂಜಿ ಇಳಿಯುವಾಗ ನೆಲ ಮೆತ್ತಗಿರಬೇಕು. ಮಳೆ ಬೇಕು.”

ಅಷ್ಟು ಹೊತ್ತು ಕೇಳಬೇಕೆಂದಿದ್ದರೂ ಕೇಳಲಾರದೆ ಇದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ. “ಈ ಸಲ ಬೆಳೆ ಹೇಗಾಯಿತು ಮಾವ?”

ಅವರ ಉತ್ತರವನ್ನು ತಿಳಿಯಲು ಮಳೆ ನಕ್ಷತ್ರಗಳ ಲೆಕ್ಕ ಗೊತ್ತಿರಬೇಕು. ನಮ್ಮ ರೈತರು ಮಳೆಗಾಲವನ್ನು ತಿಂಗಳುಗಳಿಂದ ಅಳೆಯುವುದಿಲ್ಲ. ಆಕಾಶದ 27 ನಕ್ಷತ್ರಗಳನ್ನು ಸೂರ್ಯನು ಒಂದು ವರ್ಷದಲ್ಲಿ ಸುತ್ತಿ ಬರುವುದರಿಂದ ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನಗಳು ಬರುತ್ತವೆ. ಆಯಾ ದಿನಗಳಲ್ಲಿ ಬೀಳುವ ಮಳೆಗೆ ಆಯಾ ನಕ್ಷತ್ರದ ಹೆಸರು. ಮಾವನವರು ಪುನರ್ವಸು ಮಳೆಗೆ, ಎಂದರೆ ಜುಲೈ ತಿಂಗಳಿನಲ್ಲಿ ಬಿತ್ತಿದ್ದರು. ಗಿಡ ಚೆನ್ನಾಗಿ ಹುಟ್ಟಿತು. ಆಗಸ್ಟಿನಲ್ಲಿ ಹೂವೂ ಬಂತು. ಸೂಜಿ ಇಳಿಯುವ ಹೊತ್ತಿಗೆ ಮಘೆ ಕೈಕೊಟ್ಟಿತು, ಹುಬ್ಬೆಯೂ ಹಾಗೆಯೇ ಹೋಯಿತು. ಇಪ್ಪತ್ತೇಳು ದಿನ ಒಂದು ಹನಿ ಬೀಳಲಿಲ್ಲ. ನೆಲ ಬಿಗಿದುಕೊಂಡಿತು. ನೆಲವನ್ನು ಮುಟ್ಟಿದ ಸೂಜಿಗಳು ಒಳಗಿಳಿಯಲಾರದೆ ಸುಟ್ಟುಹೋದವು. ಉಳಿದಷ್ಟು ಕಾಯಿ ಬಲಿತು, ಇನ್ನೇನು ಕೀಳಬೇಕು ಎನ್ನುವಾಗ ಸ್ವಾತಿ ಮಳೆ ಬಿಡದೆ ಸುರಿಯಿತು. ಅವರು ಬಿತ್ತುವುದು ಟಿ.ಎಂ.ವಿ. 2 ಎಂಬ ತಳಿ. ತಮಿಳುನಾಡಿನ ತಿಂಡಿವನದ ಸಂಶೋಧನಾ ಕೇಂದ್ರದಿಂದ ಬಂದ ಬಹು ಹಳೆಯ ತಳಿಯಾದರೂ ಬಯಲುಸೀಮೆಯವರು ಅದನ್ನು ಬಿಟ್ಟಿಲ್ಲ. ಅದರ ಬೀಜಕ್ಕೆ ನಿದ್ರೆ ಕಡಿಮೆ. ಬಲಿತ ಮೇಲೆ ನೆಲದಲ್ಲಿ ತೇವ ಸಿಕ್ಕಿದರೆ ಕಾಯಿಯೊಳಗೇ ಮೊಳೆತುಬಿಡುತ್ತದೆ. ಹಾಗೆಯೇ ಆಯಿತು.

“ಒಳ್ಳೆಯ ವರ್ಷವಾದರೆ ಮೂವತ್ತು ಚೀಲ ಬರುತ್ತದೆ. ಈ ಸಲ ಒಂಬತ್ತು” ಎಂದರು.

ಮಗ, “ಒಂಬತ್ತು ಚೀಲವೆಂದರೆ ಬಹಳವಲ್ಲವೆ ತಾತ?” ಎಂದ. ಮಾವನವರು ಅವನಿಂದಲೇ ಲೆಕ್ಕ ಮಾಡಿಸಿದರು. ಎಕರೆಗೆ ಬಿತ್ತಲು ಸುಮಾರು ಐವತ್ತು ಕಿಲೋ ಬೀಜ ಬೇಕು. ರಾಗಿಯಾದರೆ ನಾಲ್ಕೈದು ಕಿಲೋ ಸಾಕು, ಕಡಲೆಕಾಯಿಗೆ ಹಾಗಲ್ಲ. ನಾಲ್ಕು ಎಕರೆಗೆ ಇನ್ನೂರು ಕಿಲೋ ಬೀಜ. ನೂರು ಕಿಲೋ ಕಾಯಿಯನ್ನು ಒಡೆದರೆ ಸಿಪ್ಪೆ ಹೋಗಿ ಎಪ್ಪತ್ತು ಕಿಲೋ ಬೀಜ ಸಿಕ್ಕುತ್ತದೆ. ಆದ್ದರಿಂದ ಇನ್ನೂರು ಕಿಲೋ ಬೀಜಕ್ಕೆ ಇನ್ನೂರೆಂಬತ್ತೈದು ಕಿಲೋ ಕಾಯಿ. ಚೀಲಕ್ಕೆ ನಲವತ್ತು ಕಿಲೋ ಎಂದರೆ ಏಳು ಚೀಲಕ್ಕೂ ಹೆಚ್ಚು. ಒಂಬತ್ತರಲ್ಲಿ ಏಳು ಕಳೆದರೆ ಉಳಿದುದೆಷ್ಟು? ಬಿತ್ತನೆಯ ಖರ್ಚು, ಜಿಪ್ಸಂ, ಕೂಲಿ, ಮನೆಯ ಊಟ ಎಲ್ಲವೂ ಆ ಎರಡು ಚೀಲದಲ್ಲಿ ನಡೆಯಬೇಕು. ಬೀಜದ ಕಾಯಿಯನ್ನು ಮಾರಿದರೆ ಈ ವರ್ಷ ನಡೆಯುತ್ತದೆ, ಮುಂದಿನ ಮುಂಗಾರಿಗೆ ಕೈ ಬರಿದು. ಅದರಲ್ಲಿಯೂ ಮೊಳೆತ ಕಾಯಿ ಎಷ್ಟು ಸೇರಿದೆಯೋ ಒಡೆದು ನೋಡಿದ ಹೊರತು ತಿಳಿಯದು. ಮಗ ಲೆಕ್ಕ ಮುಗಿಸಿ ಸುಮ್ಮನಾದ. ಅವನ ಕೈಯಲ್ಲಿ ಹುರಿದ ಕಾಯಿಯ ಪೊಟ್ಟಣವಿತ್ತು. ಸ್ವಲ್ಪ ಹೊತ್ತು ಅದನ್ನು ಬಿಚ್ಚಲಿಲ್ಲ.

ಆ ಮೌನವನ್ನು ಮುರಿದವರು ಮಾವನವರೇ. “ಏಳಿ, ಬಸವಣ್ಣನನ್ನು ನೋಡೋಣ” ಎಂದರು.

ದೊಡ್ಡ ಬಸವಣ್ಣ ಒಂದೇ ಕಲ್ಲಿನಲ್ಲಿ ಕಡೆದ ವಿಗ್ರಹ. ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ. ಕಲ್ಲಿನ ಬಣ್ಣ ಮೂಲತಃ ಬೂದು; ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದೆ. 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡನೇ ಈ ಗುಡಿಯನ್ನೂ ಕಟ್ಟಿಸಿದನೆಂದು ಹೇಳುತ್ತಾರೆ. ಪರಿಷೆಯ ಕಥೆಯೂ ಆ ಕಾಲಕ್ಕೇ ಹೋಗುತ್ತದೆ. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿಗಳು ಈಗ ನಗರದ ಮೊಹಲ್ಲಗಳಾಗಿದ್ದರೂ ಆಗ ಹೊಲಗದ್ದೆಗಳಿದ್ದ ಹಳ್ಳಿಗಳು. ಅಲ್ಲಿನ ರೈತರ ಕಡಲೆಕಾಯಿ ಬೆಳೆಯನ್ನು ಪ್ರತಿರಾತ್ರಿ ಒಂದು ಗೂಳಿ ಬಂದು ಮೇಯುತ್ತಿತ್ತಂತೆ. ಕಾದು ಕುಳಿತ ರೈತನೊಬ್ಬ ಅದನ್ನು ದೊಣ್ಣೆಯಿಂದ ಹೊಡೆದನಂತೆ. ಗೂಳಿ ಓಡಿ ಗುಡ್ಡವನ್ನೇರಿ ಕಲ್ಲಾಗಿ ಕುಳಿತಿತು. ಕಲ್ಲಾದ ಮೇಲೂ ಬೆಳೆಯುತ್ತಲೇ ಹೋಯಿತು. ತಲೆಯ ಮೇಲೆ ತ್ರಿಶೂಲವನ್ನು ನೆಟ್ಟ ಮೇಲೆ ಬೆಳವಣಿಗೆ ನಿಂತಿತು. ತಪ್ಪು ತಿಳಿದ ರೈತರು ವರ್ಷದ ಮೊದಲ ಕಾಯಿಯನ್ನು ಬಸವಣ್ಣನಿಗೆ ಅರ್ಪಿಸುವೆವೆಂದು ಹರಕೆ ಹೊತ್ತರು. ಇಂದಿಗೂ ಪರಿಷೆಯ ದಿನ ವಿಗ್ರಹದ ಮುಂದೆ ಕಾಯಿಯನ್ನು ರಾಶಿ ಹಾಕಿ ಪೂಜೆ ಮಾಡುತ್ತಾರೆ.

ಸಾಲಿನಲ್ಲಿ ನಿಂತಾಗ ಮಗಳು ಬೆರಳು ಮಡಿಸುತ್ತ ಏನನ್ನೋ ಎಣಿಸುತ್ತಿದ್ದಳು. “ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂತು ಎಂದು ನಮ್ಮ ಪುಸ್ತಕದಲ್ಲಿದೆ. ಕೊಲಂಬಸ್ ಅಮೆರಿಕವನ್ನು ಮುಟ್ಟಿದ್ದು 1492ರಲ್ಲಿ. ಬೆಂಗಳೂರಿನ ಕೋಟೆ 1537ರಲ್ಲಿ. ನಡುವೆ ನಲವತ್ತೈದೇ ವರ್ಷ. ಅಷ್ಟು ಬೇಗ ಇಲ್ಲಿನ ಹೊಲಗಳಿಗೆ ಬಂತೆ?” ಎಂದು ಕೇಳಿದಳು.

ಪ್ರಶ್ನೆ ಸಾಧುವಾದುದೇ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕವೆಂಬುದರಲ್ಲಿ ಸಂಶಯವಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊಗಳಂತೆ ಇದೂ ಯೂರೋಪಿನ ನಾವಿಕರ ಹಡಗುಗಳಲ್ಲಿ ಸಮುದ್ರ ದಾಟಿ ಬಂದುದು. ದಕ್ಷಿಣ ಭಾರತದಲ್ಲಿ ಅದು ಎಕರೆಗಟ್ಟಲೆ ಹರಡಿದುದು ಹತ್ತೊಂಬತ್ತನೆಯ ಶತಮಾನದಲ್ಲಿ, ಎಣ್ಣೆಗಾಗಿ. ಬೀಜದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಪಾಂಡಿಚೇರಿಯ ಬಂದರಿನಿಂದ ಫ್ರಾನ್ಸಿನ ಮಾರ್ಸೇಲ್ಸಿಗೆ ಹಡಗುಗಳಲ್ಲಿ ಕಡಲೆಕಾಯಿ ಹೋಗಿ, ಅಲ್ಲಿ ಎಣ್ಣೆಯೂ ಸಾಬೂನೂ ಆಗುತ್ತಿತ್ತು. ಹೀಗಿರುವಾಗ ಕೆಂಪೇಗೌಡನ ಕಾಲದ ಗೂಳಿ ಮೇಯ್ದುದು ಕಡಲೆಕಾಯಿಯನ್ನೇ ಎಂದು ಹೇಳುವುದು ಕಷ್ಟ. ಮೊದಲು ಬೇರೊಂದು ಬೆಳೆಯ ಕಥೆಯಾಗಿದ್ದು, ಕಡಲೆಕಾಯಿ ಬಂದು ನೆಲೆಸಿದ ಮೇಲೆ ಕಥೆಯೂ ಅದರ ಹೆಸರಿಗೆ ತಿರುಗಿಕೊಂಡಿರಬಹುದು. ಇದು ನನ್ನ ಊಹೆ. ಮಾವನವರು ಮಾತ್ರ, “ಗೂಳಿ ಏನು ಮೇಯಿತೋ ಕಾಣೆ. ರಾತ್ರಿ ಹೊಲ ಕಾಯ್ದವನೊಬ್ಬ ಇದ್ದದ್ದು ನಿಜ” ಎಂದರು. ಅವರ ಹೊಲಕ್ಕೆ ಹಂದಿಗಳು ನುಗ್ಗುತ್ತವೆ. ಕಾಯಿ ಬಲಿಯುವ ತಿಂಗಳಿನಲ್ಲಿ ಅವರು ಮನೆಯಲ್ಲಿ ಮಲಗುವುದಿಲ್ಲ.

ಹಿಂತಿರುಗುವಾಗ ಕಾಯಿ ಕೊಂಡೆವು. ನಾನು ಅಭ್ಯಾಸಬಲದಿಂದ ಚೌಕಾಸಿಗೆ ತೊಡಗಿದೆ. ಮಾವನವರು ತಡೆಯುವರೆಂದುಕೊಂಡಿದ್ದೆ, ತಡೆಯಲಿಲ್ಲ. ಮಾರುವವನನ್ನು, “ನೀನು ಬೆಳೆದದ್ದೋ, ಮಂಡಿಯಲ್ಲಿ ಕೊಂಡದ್ದೋ?” ಎಂದು ಕೇಳಿದರು. ಆತ ಮಂಡಿಯದೆಂದ. “ಹಾಗಾದರೆ ಅವನ ಲೆಕ್ಕ ಅವನಿಗೆ ಗೊತ್ತಿರುತ್ತದೆ, ಕೇಳಿ ನೋಡು” ಎಂದು ನನಗೆ ಹೇಳಿದರು. ಆದರೆ ನಾಲ್ಕು ಅಂಗಡಿಗಳಾಚೆ, ಶ್ರೀನಿವಾಸಪುರದ ಕಡೆಯಿಂದ ತನ್ನ ಹೊಲದ ಕಾಯಿಯನ್ನೇ ತಂದಿದ್ದ ಒಬ್ಬ ಮುದುಕಿಯ ಬಳಿ ತಾವೇ ಕುಕ್ಕರಗಾಲಿನಲ್ಲಿ ಕುಳಿತು, ಅವಳ ಊರಿನ ಮಘೆ, ಹುಬ್ಬೆಗಳ ಸಮಾಚಾರವನ್ನೆಲ್ಲ ಕೇಳಿ, ಅವಳು ಹೇಳಿದಷ್ಟನ್ನೇ ಕೊಟ್ಟು ಎರಡು ಸೇರು ಕೊಂಡರು. ಮುದುಕಿ ಮೇಲೆ ಒಂದು ಬೊಗಸೆ ಹೆಚ್ಚಾಗಿ ಹಾಕಿದಳು.

ಮಾವನವರು ಆ ವಾರವೆಲ್ಲ ನಮ್ಮಲ್ಲಿಯೇ ಇದ್ದರು. ಅದು ನವೆಂಬರ್ ತಿಂಗಳ ಕಡೆಯ ವಾರ. ಗುರುವಾರ ಸಂಜೆ ಅವರನ್ನು ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯಕ್ಕೆ ಕರೆದುಕೊಂಡು ಹೋದೆವು. ಬಂಡೆಯ ಗವಿಯೊಳಗಿರುವ ಈ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣಗಳು ಕಿಂಡಿಯ ಮೂಲಕ ಹಾದು, ನಂದಿಯ ಕೋಡುಗಳ ನಡುವಿನಿಂದ ಲಿಂಗದ ಮೇಲೆ ಬೀಳುತ್ತವೆಂಬುದನ್ನು ನೀವು ಕೇಳಿರಬಹುದು. ಅಂದು ಅಲ್ಲಿ ಸಹಸ್ರಾರು ಜನ ಸೇರುತ್ತಾರೆ. ಆದರೆ ನವೆಂಬರ್ 26ರಿಂದ ಡಿಸೆಂಬರ್ 2ರ ವರೆಗಿನ ದಿನಗಳಲ್ಲಿಯೂ ಬೆಳಕು ಹಾಗೆಯೇ ಒಳಗೆ ಬೀಳುತ್ತದೆಂಬುದನ್ನು ಬಲ್ಲವರು ಕಡಿಮೆ. ನಾವು ಹೋದಾಗ ಇಪ್ಪತ್ತು ಜನರೂ ಇರಲಿಲ್ಲ.

ಇದರ ಕಾರಣ ಸರಳವಾಗಿದೆ. ಚಳಿಗಾಲ ಬಂದಂತೆ ಸೂರ್ಯನು ದಿನದಿನವೂ ದಕ್ಷಿಣಕ್ಕೆ ಸರಿಯುತ್ತ ಡಿಸೆಂಬರ್ 21 ಅಥವಾ 22ರಂದು ದಕ್ಷಿಣದ ಕಡೆಯ ಗಡಿಯನ್ನು ಮುಟ್ಟುತ್ತಾನೆ; ಅಲ್ಲಿಂದ ಹಿಂತಿರುಗುತ್ತಾನೆ. ಹೋಗುವಾಗ ಹಾದ ದಾರಿಯನ್ನೇ ಬರುವಾಗಲೂ ಹಾಯುತ್ತಾನೆ. ಜನವರಿ 14 ಆ ತಿರುವಿನ ನಂತರ ಇಪ್ಪತ್ತನಾಲ್ಕು ದಿನಗಳಿಗೆ ಬರುತ್ತದೆ. ತಿರುವಿಗೆ ಇಪ್ಪತ್ತನಾಲ್ಕು ದಿನ ಮೊದಲಿನ ದಿನ ಯಾವುದೆಂದು ನೀವೇ ಎಣಿಸಿ ನೋಡಿ.

ಮಗಳು ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮಾವನವರು ಒಡನೆಯೇ ಹಿಡಿದರು. ಮಳೆ ನಕ್ಷತ್ರವೂ ಸೂರ್ಯನ ಲೆಕ್ಕವೇ ಅಲ್ಲವೆ? ಆದುದರಿಂದಲೇ ಮಘೆ, ಹುಬ್ಬೆಗಳು ಪ್ರತಿವರ್ಷವೂ ಅದೇ ತಾರೀಖುಗಳಿಗೆ ಬರುತ್ತವೆ. ಪರಿಷೆ ಹಾಗಲ್ಲ, ಅದು ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನಗಳಾಗುತ್ತವೆ. ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಆ ಕೊರತೆ ಬೆಳೆಯುತ್ತ ಹೋಗಿ, ಸುಮಾರು ಎರಡು ಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಬಂದು ಸರಿಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಕಾರ್ತಿಕದ ಕಡೆಯ ಸೋಮವಾರ ಡಿಸೆಂಬರ್ 11ಕ್ಕೆ ಹೋಯಿತು. 2024ರಲ್ಲಿ ಅದು ನವೆಂಬರ್ 25ಕ್ಕೂ, 2025ರಲ್ಲಿ ನವೆಂಬರ್ 17ಕ್ಕೂ ಬಂತು. “ದೇವರು ಚಂದ್ರನನ್ನು ನೋಡಿ ಕಾಯಿ ಕೇಳುತ್ತಾನೆ, ಹೊಲ ಸೂರ್ಯನನ್ನು ನೋಡಿ ಕೊಡುತ್ತದೆ. ನಡುವೆ ನಾವು” ಎಂದು ಮಾವನವರು ನಗುತ್ತ ಹೇಳಿದರು. ಅಷ್ಟರಲ್ಲಿ ಬೆಳಕು ನಂದಿಯ ಬೆನ್ನನ್ನು ಏರಿ ಒಳಕ್ಕೆ ಸರಿಯಿತು. ಕೆಲವೇ ನಿಮಿಷ. ಮಕ್ಕಳು ಮಾತನಾಡಲಿಲ್ಲ.

ಶನಿವಾರ ಬೆಳಿಗ್ಗೆ ಅವರನ್ನು ಬಸ್ಸಿಗೆ ಹತ್ತಿಸಿದೆವು. ಮೊಮ್ಮಕ್ಕಳಿಗೆಂದು ಬೆಂಡು ಬತ್ತಾಸು ಕಟ್ಟಿಸಿಕೊಂಡಿದ್ದರು. ಶ್ರೀನಿವಾಸಪುರದ ಮುದುಕಿಯ ಕಾಯಿಯಲ್ಲಿ ಒಂದು ಹಿಡಿಯಷ್ಟನ್ನು ಆರಿಸಿ ಮಗಳ ಕೈಗೆ ಕೊಟ್ಟು, “ತಿನ್ನಬೇಡ, ಹಾಕಿ ನೋಡು” ಎಂದಿದ್ದರು. ಅವಳು ಮಹಡಿಯ ಮೇಲೆ ಒಂದು ಕುಂಡಕ್ಕೆ ಕೆಂಪು ಮಣ್ಣು, ಮರಳು ಬೆರೆಸಿ ತುಂಬಿ, ಆರು ಬೀಜಗಳನ್ನು ಊರಿದಳು. ಚಳಿಗೆ ಮೊಳಕೆ ತಡವಾಯಿತು. ಹನ್ನೆರಡನೆಯ ದಿನ ನಾಲ್ಕು ಮೊಳಕೆಗಳು ಕಂಡವು. ಸಂಕ್ರಾಂತಿ ಕಳೆದು, ಎಳ್ಳುಬೆಲ್ಲದಲ್ಲಿ ಬೆರೆಸಿದ ಕಡಲೆಬೀಜ ಮನೆಯಲ್ಲಿ ಇನ್ನೂ ಉಳಿದಿರುವಾಗಲೇ, ಒಂದು ಮುಂಜಾನೆ ಮೊದಲ ಹಳದಿ ಹೂ ಅರಳಿತು. ಶಾಲೆಯಿಂದ ಬರುವಷ್ಟರಲ್ಲಿ ಬಾಡಿತ್ತು. ವಾರದೊಳಗೆ ಸೂಜಿ ಹೊರಟಿತು. ಆದರೆ ಆ ಗಿಡ ಕುಂಡದ ಅಂಚಿನಲ್ಲಿತ್ತು, ಸೂಜಿ ಕುಂಡದ ಹೊರಗೆ ಇಳಿಬಿದ್ದಿತು. ಮಗಳು ಗಾಬರಿಯಿಂದ ಊರಿಗೆ ಫೋನು ಮಾಡಿದಳು.

“ಇನ್ನೊಂದು ಕುಂಡವನ್ನು ಎತ್ತರಿಸಿ ಅದರ ಕೆಳಗಿಡು. ಮಣ್ಣು ಸಡಿಲವಾಗಿರಲಿ, ತೇವ ಆರದಿರಲಿ” ಎಂದು ಮಾವನವರು ಹೇಳಿದರಂತೆ. ಬೀಜದ ಕಾಯಿಯನ್ನು ಒಡೆದು ನೋಡಿದರೆ ತಾತ ಎಂದು ಅವಳು ಕೇಳಿದ್ದಳು. ನೋಡಿದ್ದರು. ಏಳು ಚೀಲದಲ್ಲಿ ಐದು ಬಿತ್ತನೆಗೆ ಬರುತ್ತದೆ; ಮೂರು ಎಕರೆಗೆ ಸಾಲದು, ಎರಡು ಎಕರೆಗೆ ಮಿಗುತ್ತದೆ. ಉಳಿದ ನೆಲಕ್ಕೆ ಈ ಸಲ ಸಜ್ಜೆ ಹಾಕುವುದೋ ಹುರುಳಿ ಹಾಕುವುದೋ ಎಂಬುದನ್ನು ಅವರು ಇನ್ನೂ ನಿಶ್ಚಯಿಸಿರಲಿಲ್ಲ.